ಹೊಲಿಗಿ ಬ್ಯಾಡ, ಟೇಪ್ ಬ್ಯಾಡ: ಅರಿವಿಯೊಳಗ ಗಿಫ್ಟ್ ಕಟ್ಟೂದು ಹೆಂಗ, ಹಂತ ಹಂತವಾಗಿ

ಗಿಫ್ಟ್ ಪೇಪರ್ ಬಿಟ್ಟು ಅರಿವಿಯೊಳಗ ಕಟ್ಟೂದು ಭಾಳ ಮಂದಿ ಶುರು ಮಾಡ್ಯಾರ, ಆದ್ರ ಎಲ್ಲಾರಿಗೂ ಕೈ ಕೊಡೂದು ಅದ ಮೂರು ಕಡೆ. ಅರಿವಿ ಸಾಲೂದಿಲ್ಲ, ಇಲ್ಲಾ ಕಲ್ಯಾಣ ಮಂಟಪ ಮುಟ್ಟೂದ್ರೊಳಗ ಗಂಟು ಸಡ್ಲಾಗತೈತಿ, ಇಲ್ಲಾ ಡಬ್ಬಿ ಮೂಲಿ ಹೊರಗ ಇಣುಕತೈತಿ. ವಿಡಿಯೋದಾಗ ನೋಡಿದ್ರ ಚಿಟಕಿ ಹೊಡಿಯೂದ್ರೊಳಗ ಮುಗಿದಂಗ ಕಾಣತೈತಿ, ಯಾಕಂದ್ರ ಅವರು ಅಳತಿ ಮಾಡೂದು, ಇಸ್ತ್ರಿ ಹೊಡಿಯೂದು, ಅಂಚು ಸುದ್ದ ಮಾಡೂದು ಯಾವುದೂ ತೋರಸೂದಿಲ್ಲ. ಗಂಟಿಗೆ ಕೈ ಹಚ್ಚೂದಕ್ಕಿಂತ ಮೊದಲ ಈ ಕೆಲಸ ಅರ್ಧ ಗೆದ್ದಿರತೈತಿ ಇಲ್ಲಾ ಅರ್ಧ ಕೆಟ್ಟಿರತೈತಿ. ಅದಕ್ಕ ಕೆಳಗಿನ ಹಂತ ಹಿಂದ ಮುಂದ ಮಾಡಬ್ಯಾಡ್ರಿ, ವಿಶೇಷವಾಗಿ ಮೊದಲಿನ ಐದು.

ಬಾಜೂಕ ಇಟ್ಕೊಳ್ಳೂ ಸಾಮಾನು

ಅಳತಿ ಟೇಪು, ಎರಡು ಮೀಟರ್ ದಾರ, ಕತ್ರಿ, ಚಾಕ್ ಇಲ್ಲಾ ಸವೆದ ಸಾಬೂನಿನ ತುಂಡು, ಇಸ್ತ್ರಿ ಪೆಟ್ಟಿಗಿ, ಬಣ್ಣ ಪರೀಕ್ಷೆಗೆ ಒಂದು ಬಿಳಿ ಅರಿವಿ ತುಂಡು, ಕೂದಲಿಗೆ ಹಾಕೂ ರಬ್ಬರ್ ಬ್ಯಾಂಡ್ ಎರಡು. ಇಷ್ಟ ಸಾಕು.

ಸೇಫ್ಟಿ ಪಿನ್, ಗುಂಡಸೂಜಿ, ಸ್ಟೇಪ್ಲರ್ ದೂರ ಇಡ್ರಿ. ಗಂಟು ನಿಲ್ಲವಲ್ದು ಅಂತ ಒಳಗ ಪಿನ್ ಚುಚ್ಚತಾರ, ಬಿಚ್ಚೂ ಕೂಸಿನ ಬೆರಳಿಗೆ ಅದ ಚುಚ್ಚತೈತಿ. ಪಿನ್ ಬೇಕ ಬೇಕು ಅನ್ನಸಿದ್ರ ಅರಿವಿ ಸಣ್ಣದಾಗೈತಿ ಅಂತ ಅರ್ಥ, ಹಂತ 1ಕ್ಕ ವಾಪಸ್ ಹೋಗ್ರಿ.

ಹಂತ 1: ಮೊದಲ ಡಬ್ಬಿ ಅಳೀರಿ, ಆಮ್ಯಾಲ ಅರಿವಿ ಹುಡುಕ್ರಿ

ಅರಿವಿ ಕೈಯಾಗ ಹಿಡಕೊಂಡು "ಸಾಕಾಗಬಹುದು" ಅನ್ನೂದ ಎಲ್ಲಾ ತಪ್ಪಿನ ಬೇರು. ದಾರ ತಗೊಂಡು ಡಬ್ಬಿಯ ಉದ್ದನ ದಿಕ್ಕಿಗೆ ಒಂದು ಪೂರ್ತಿ ಸುತ್ತು ಹಾಕ್ರಿ, ಅಂದ್ರ ತಳ, ಒಂದು ಗೋಡಿ, ಮ್ಯಾಲಿನ ಮುಖ, ಇನ್ನೊಂದು ಗೋಡಿ. ಆ ಉದ್ದಕ್ಕ ಇನ್ನೂ 30 ಸೆಂ.ಮೀ., ಅಂದ್ರ ಒಂದು ಫೂಟ್ ಸ್ಕೇಲಿನಷ್ಟು ಸೇರಸ್ರಿ, ಅದು ಗಂಟಿಗೆ ಮತ್ತ ಗಂಟಿನ ಎರಡು ಕಿವಿಗೆ, ಅಂದ್ರ ಗಂಟಿನ ಹೊರಗ ಉಳಿಯೂ ತುದಿಗೆ. ಈಗ ಈ ಒಟ್ಟು ದಾರ ಅರಿವಿಯ ಒಂದು ಮೂಲಿಯಿಂದ ಎದುರಿನ ಮೂಲಿತನಕ ಹಿಡದು ನೋಡ್ರಿ. ಅರಿವಿ ಸಮ ಇದ್ರ ಇಲ್ಲಾ ಹೆಚ್ಚಿದ್ರ ನಡೀತೈತಿ, ಕಡಿಮಿ ಇದ್ರ ನಡಿಯೂದಿಲ್ಲ.

ಮಂದಿ ಏನ ಮಾಡತಾರಂದ್ರ ಅರಿವಿಯ ಬದಿ ಅಳಿತಾರ, ಮೂಲಿಯಿಂದ ಮೂಲಿ ಅಳಿಯೂದಿಲ್ಲ. ನಾವು ಕಟ್ಟೂದು ಮೂಲಿ ಹಿಡದು, ಅಂದಮ್ಯಾಲ ಅಳತೀನೂ ಅದ ಆಗಬೇಕಲ್ರಿ. ಚೌಕ ಅರಿವಿಯ ಬದಿ 45 ಸೆಂ.ಮೀ. ಇದ್ರ (ಗಂಡಸರ ದೊಡ್ಡ ಕರ್ಚೀಫ್ ಹೆಚ್ಚುಕಮ್ಮಿ ಇಷ್ಟ ಇರತೈತಿ) ಮೂಲಿಯಿಂದ ಮೂಲಿ ಸುಮಾರು 64 ಬರತೈತಿ, 70 ಇದ್ರ 99, 80 ಇದ್ರ 113, ಒಂದು ಮೀಟರ್ ಇದ್ರ 141.

ಸೀರಿ ಡಬ್ಬಿ ಲೆಕ್ಕ ನೋಡ್ರಿ, ಯಾಕಂದ್ರ ಭಾಳ ಮಂದಿ ಸೋಲೂದು ಇಲ್ಲೇ. ಡಬ್ಬಿ 38 ಉದ್ದ, 5 ಎತ್ತರ ಅಂತ ಹಿಡೀರಿ. ಒಂದು ಸುತ್ತು 86, ಗಂಟಿಗೆ 30, ಒಟ್ಟು 116. ಕೈಯಾಗಿರೂದು 80ರ ಜಂಪರ್ ಪೀಸು, ಅದರದು 113. ಮೂರು ಸೆಂ.ಮೀ. ಅಷ್ಟ ಕಡಿಮಿ ಅಂತ ಎಳದು ಕಟ್ಟತಾರ, ಗಂಟಿನ ಕಿವಿ ಎರಡು ಬೆರಳಿನಷ್ಟ ಉಳಿತಾವು, ಸ್ಕೂಟಿ ಮ್ಯಾಲ ಎರಡು ಹಂಪ್ ಹಾರಿದ್ರ ಬಿಚ್ಚತೈತಿ. ಅಂಥಾ ಡಬ್ಬಿಗೆ ಒಂದು ಮೀಟರಿನ ಅರಿವಿನ ಬೇಕು. ಅರ್ಧ ಕೆಜಿ ಪೇಢೆ ಡಬ್ಬಿಗೆ 70 ಸಾಕು. ಖಾದಿಯಂಥಾ ದಪ್ಪ ಅರಿವಿ ಆದ್ರ ಗಂಟ ಅರಿವಿ ತಿಂತೈತಿ, ಇನ್ನೂ 10 ಸೆಂ.ಮೀ. ಹೆಚ್ಚಿಗಿ ಹಿಡೀರಿ.

ಹಂತ 2: ಅರಿವಿ ಆರಿಸೂದು

ನಮ್ಮ ಕಡೆ ಇದಕ್ಕಂತ ಅಂಗಡಿಗೆ ಹೋಗೂ ಜರೂರತ್ತ ಕಡಿಮಿ. ಉಡಿ ತುಂಬಿದಾಗ, ಕುಬಸದಾಗ, ಲಗ್ನದಾಗ ಬಂದ ಜಂಪರ್ ಪೀಸು ಪ್ರತಿ ಮನಿ ಕಪಾಟಿನ್ಯಾಗ ಒಂದು ಅಟ್ಟಿ ಇರತಾವು, ಹುಬ್ಬಳ್ಳಿಯಿಂದ ಗದಗಿಗೆ ಹೋಗಿ ಹಾವೇರಿ ಸುತ್ತಿ ಮತ್ತ ಕೊಟ್ಟವರ ಮನಿಗೇ ಬಂದು ಕುಂದ್ರೂವೂ ಅದಾವು. ಅವನ್ನ ಮೊದಲ ಹೊರಗ ತಗೀರಿ. ಇಲ್ಲಂದ್ರ ಹುಬ್ಬಳ್ಳಿ ದುರ್ಗದಬೈಲ್ ಕಡೆ ಇಲ್ಲಾ ಧಾರವಾಡ ಸುಭಾಸ ರೋಡಿನ ಕಡೆ ಹೋಗಿ ಕಟ್ ಪೀಸ್ ಕೇಳ್ರಿ.

ಕಲಿಯಾಕ ಟೂ ಬೈ ಟೂ ಕಾಟನ್ ಪೀಸ್ ಎಲ್ಲಾದಕ್ಕಿಂತ ಚೊಲೊ. ತೆಳ್ಳಗ ಇರತೈತಿ, ಮಡಚಿದಲ್ಲೇ ನಿಲ್ಲತೈತಿ, ಗಂಟು ಜಾರೂದಿಲ್ಲ. ಪಾಲಿಸ್ಟರ್, ಸ್ಯಾಟಿನ್ ಹೊಳಪು ನೋಡಿ ಮರುಳಾಗಬ್ಯಾಡ್ರಿ, ಎಷ್ಟ ಬಿಗಿ ಕಟ್ಟಿದ್ರೂ ತಾನ ಸರದು ಸಡ್ಲಾಗತೈತಿ, ಅದನ್ನ ಕೈ ಕುಂತಮ್ಯಾಲ ತಗೋರಿ. ನೆಟ್ ಅರಿವಿಯೊಳಗ ಡಬ್ಬಿ ಮ್ಯಾಲಿನ ಬೆಲೆ ಚೀಟಿ ಸುದ್ದಾ ಕಾಣತೈತಿ, ಬಿಡ್ರಿ ಅದನ್ನ.

ಇನ್ನೊಂದು ಮಾತು ಯಾರೂ ಹೇಳೂದಿಲ್ಲ. ಕಟ್ಟಿದಮ್ಯಾಲ ಗಂಟಿನ ಕಿವಿ ಹೊಳ್ಳತಾವು, ಆಗ ಅರಿವಿಯ ಹಿಂದಿನ ಮಗ್ಗಲ ಎದುರಿಗೆ ಬರತೈತಿ. ಪ್ರಿಂಟ್ ಅರಿವಿ ಹಿಂದ ಮಸಕ ಇದ್ರ ಗಂಟೂ ಮಸಕ ಕಾಣತೈತಿ. ಅದಕ್ಕ ನೇದು ಮಾಡಿದ ಚೌಕಡಿ, ಪಟ್ಟಿ ಅರಿವಿ ಚೊಲೊ, ಎರಡೂ ಮಗ್ಗಲ ಒಂದ ಥರ ಇರತೈತಿ. ಕಸೂತಿ ಇದ್ದ ಅರಿವಿ ಆದ್ರ ಗವಂತಿ, ಮುರಗಿ ಹೊಲಿಗಿ ಇರೂದು ತಗೋರಿ, ಅವು ಹಿಂದ ಮುಂದ ಒಂದ ಥರ ಕಾಣತಾವು. ನೇಗಿ, ಮೆಂತಿ ಹಂಗಲ್ಲ, ಹಿಂದಿನ ದಾರ ಕಾಣತೈತಿ.

ಗುಳೇದಗುಡ್ಡದ ಖಣ ಎದ್ದು ಕಾಣತೈತಿ ಖರೆ, ಆದ್ರ ಗಟ್ಟಿ ನೇಯ್ಗಿ, ರೇಷ್ಮಿ ಇದ್ರ ಜಾರತೈತಿ, ಸಣ್ಣ ಡಬ್ಬಿಗೆ ಗಂಟು ದೊಡ್ಡದಾಗಿ ಡಬ್ಬಿನ ಮುಚ್ಚಿಬಿಡತೈತಿ. ಪುಸ್ತಕ, ಸೀರಿ ಡಬ್ಬಿಯಂಥಾ ಚಪ್ಪಟಿ ಸಾಮಾನಿಗೆ ಇಡ್ರಿ. ಹಳೇ ಇಳಕಲ್ಲ ಸೀರಿಯಿಂದ ಚೌಕ ತಗಿಯೂದಾದ್ರ ಹರಿದ ಸೀರಿ ಅಷ್ಟ ಮುಟ್ರಿ, ಗಟ್ಟಿ ಸೀರಿಗೆ ಕತ್ರಿ ಹಚ್ಚಿ ಮನ್ಯಾಗ ಹಿರ್ಯಾರ ಕಡೆ ಬೈಸ್ಕೊಂಡ್ರ ನಾ ಹೊಣಿ ಅಲ್ಲ. ಮತ್ತ ಆ ಸೀರಿಯೊಳಗ ಮೈಯ ಹಾಸಿಗೂ (ಉದ್ದನ ದಾರಕ್ಕೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿರತಾರ, ಹಳೇದಾದಮ್ಯಾಲ ಆ ಜಾಗಾ ಲಗೂನ ಹರೀತೈತಿ, ಗಂಟು ಅಲ್ಲಿ ಬೀಳದಂಗ ಚೌಕ ತಗೀರಿ.

ಆಗಸ್ಟ್ 15ರ ಸುತ್ತಮುತ್ತ ಗಿಫ್ಟ್ ಕೊಡೂವರಿಗೆ ಒಂದು ಮಾತು, ರಾಷ್ಟ್ರಧ್ವಜ ತಯಾರಾಗೂ ಹುಬ್ಬಳ್ಳಿ ಬೆಂಗೇರಿ ಖಾದಿ ಕೇಂದ್ರದಿಂದ ಬಿಳಿ, ಬಣ್ಣದ ಅರಿವಿ ಆರಾಮ ತಂದು ಕಟ್ರಿ, ಧ್ವಜ ಮಾತ್ರ ಅಲ್ಲ. ರಾಷ್ಟ್ರಧ್ವಜದೊಳಗ ಸಾಮಾನು ಕಟ್ಟೂದು ರಾಷ್ಟ್ರ ಗೌರವಕ್ಕ ಅವಮಾನ ತಡಿಯೂ 1971ರ ಕಾಯ್ದೆ ಪ್ರಕಾರ ಅಪರಾಧ.

ಹಂತ 3: ಚೌಕ ಮಾಡೂದು, ಅಂಚು ಸುದ್ದ ಮಾಡೂದು

ಜಂಪರ್ ಪೀಸು ಚೌಕ ಇರೂದಿಲ್ಲ, ಒಂದ ಕಡೆ 80 ಇದ್ರ ಇನ್ನೊಂದ ಕಡೆ 90 ಇಲ್ಲಾ ಅದಕ್ಕೂ ಹೆಚ್ಚು ಇರತೈತಿ. ಕತ್ರಿ ಹಿಡಿಯೂ ಮೊದಲ ಒಂದ ಪ್ರಶ್ನಿ ಕೇಳ್ಕೋರಿ, ತಗೊಂಡವರು ಇದನ್ನ ಮುಂದ ಜಂಪರ್ ಹೊಲಸ್ಕೋತಾರೇನು? ಹೊಲಸ್ಕೊಳ್ಳೂ ಹಂಗಿದ್ರ ಒಂದ ಇಂಚೂ ಕತ್ತರಸಬ್ಯಾಡ್ರಿ. ಆ 10 ಸೆಂ.ಮೀ. ಹೋತಂದ್ರ ತೋಳಿಗೆ ಸಾಲೂದಿಲ್ಲ, ನಿಮ್ಮ ಗಿಫ್ಟಿನ ಅರ್ಧ ಬೆಲೆ ಅಲ್ಲೇ ಹೋಗತೈತಿ. ಹೆಚ್ಚಾದ ಪಟ್ಟಿ ಹಿಂದಿನ ಮಗ್ಗಲಕ್ಕ ಮಡಚಿ ಇಸ್ತ್ರಿ ಹೊಡೀರಿ, ಮುಗೀತು.

ಬರೇ ಕಟ್ಟಾಕಂತ ಇಡೂ ಅರಿವಿ ಆದ್ರ ಹಿಂಗ ಮಾಡ್ರಿ. ಒಂದು ಮೂಲಿ ಹಿಡದು ಎದುರಿನ ಉದ್ದ ಅಂಚಿಗೆ ಕೂಡಸ್ರಿ, ತ್ರಿಕೋನ ಬರತೈತಿ, ತ್ರಿಕೋನದ ಹೊರಗ ಒಂದು ಪಟ್ಟಿ ಉಳಿತೈತಿ, ಅಲ್ಲಿ ಚಾಕ್ ಗೆರಿ ಎಳದು ಪಟ್ಟಿ ಬ್ಯಾರೆ ಮಾಡ್ರಿ. ಪಟ್ಟಿ ಒಗಿಬ್ಯಾಡ್ರಿ, ಹಂತ 9ರಾಗ ಬೇಕಾಗತೈತಿ.

ಸಾದಾ ಕಾಟನ್ ಆದ್ರ ಕತ್ತರಸೂದಕ್ಕಿಂತ ಹರಿಯೂದು ಚೊಲೊ. ಅಂಚಿಗೆ ಕತ್ರಿಯಿಂದ ಎರಡು ಸೆಂ.ಮೀ. ಕಚ್ಚು ಹಾಕಿ ಎರಡೂ ಕೈಯಿಂದ ಜೋರ ಹರೀರಿ, ದಾರದ ಗುಂಟ ನೆಟ್ಟಗ ಹರೀತೈತಿ, ಗೆರಿ ಹಾಕಿ ಕತ್ತರಿಸಿದ್ರೂ ಅಷ್ಟ ನೆಟ್ಟಗ ಬರೂದಿಲ್ಲ. ಖಣ, ಸ್ಯಾಟಿನ್ ಹರಿಯಾಕ ಹೋಗಬ್ಯಾಡ್ರಿ, ನೇಯ್ಗಿ ಜಗ್ಗಿ ಕೆಡತೈತಿ.

ಹೊಲಿಗಿ ಇಲ್ಲದ ಅಂಚು ನಿಲ್ಲಸಾಕ ನಾಕು ದಾರಿ. ಹಲ್ಲಿನ ಅಂಚು ಬರೂ ಜಿಗ್‌ಜಾಗ್ ಕತ್ರಿ ಇದ್ರ ಅದರಿಂದ ಕತ್ತರಸ್ರಿ. ಇಲ್ಲಂದ್ರ ಫ್ಯಾಬ್ರಿಕ್ ಗ್ಲೂ ತೆಳ್ಳಗ ಹಚ್ಚಿ ಪೂರ್ತಿ ಒಣಗಸ್ರಿ, ದಪ್ಪ ಹಚ್ಚಿದ್ರ ಅಂಚು ರಟ್ಟಾಗತೈತಿ. ಮೂರನೇದು ನನಗ ಭಾಳ ಸೇರೂದು, ಅಂಚಿನ ಅಡ್ಡ ದಾರ ಒಂದೊಂದ ಎಳದು ತಗದು ಒಂದು ಸೆಂ.ಮೀ. ಕುಚ್ಚು ಬಿಡೂದು, ಟಿವಿ ನೋಡಕೊಂತ ಮುಗಿಸಬಹುದು. ನಾಕನೇದು ಪಾಲಿಸ್ಟರಿಗೆ ಅಷ್ಟ, ಹತ್ತಿದ ಊದಿನಕಡ್ಡಿ ತುದಿ ಅಂಚಿಗೆ ಸವರಿದ್ರ ದಾರ ಕರಗಿ ಅಂಟ್ಕೋತಾವು, ಕಿಟಕಿ ತಗದು, ನೀರು ಬಾಜೂಕ ಇಟ್ಕೊಂಡು ಮಾಡ್ರಿ. ಕಾಟನ್ನಿಗೆ ಹಿಂಗ ಮಾಡಿದ್ರ ಕರಗೂದಿಲ್ಲ, ಸುಡತೈತಿ.

ಹಂತ 4: ಒಗದು, ಬಣ್ಣ ನೋಡಿ, ಇಸ್ತ್ರಿ

ಹೊಸಾ ಅರಿವಿಯೊಳಗ ಗಂಜಿ ಇರತೈತಿ, ಗಂಟು ಕುಂದ್ರೂದಿಲ್ಲ, ಕಿವಿ ಹಾಳಿಯಂಗ ನಿಗರಿ ನಿಲ್ಲತಾವು. ಒಂದ ಸಲ ನೀರಾಗ ಎದ್ದಿ ಒಣಗಸ್ರಿ. ಜಂಪರ್ ಹೊಲಸೂ ಪೀಸ್ ಆದ್ರ ಹೊಸಾದ ಕೊಡಬೇಕಲ್ಲ, ಅದನ್ನ ಒಗಿಬ್ಯಾಡ್ರಿ, ಸುಮ್ನ ಇಸ್ತ್ರಿ ಅಷ್ಟ.

ಕೆಂಪು, ನೇರಳೆ, ಗಾಢ ಹಸರು ಅರಿವಿ ಇದ್ರ ಬಿಳಿ ತುಂಡು ನೀರಾಗ ಹಸಿ ಮಾಡಿ ಮೂಲಿಯೊಳಗ ತಿಕ್ಕಿ ನೋಡ್ರಿ. ಬಣ್ಣ ಹತ್ತಿದ್ರ ಬಿಳಿ ಡಬ್ಬಿ, ಪುಸ್ತಕ ಅದರಾಗ ಕಟ್ಟಬ್ಯಾಡ್ರಿ, ಧಾರವಾಡದ ಮಳ್ಯಾಗ ನಾಕು ಹನಿ ಬಿದ್ರ ಪುಸ್ತಕದ ರಟ್ಟು ಕೆಂಪಾಗಿ ಹೋಗತೈತಿ. ಪೇಢೆ, ಉಂಡಿ ಡಬ್ಬಿ ಆದ್ರ ಒಳಗ ಬಟರ್ ಪೇಪರ್ ಹಾಕ್ರಿ, ಖೋವಾದ ಜಿಡ್ಡು ರಟ್ಟು ದಾಟಿ ಅರಿವಿಗೆ ಬರತೈತಿ. ಕುಂಕುಮದ ಪೊಟ್ಟಣ ಒಳಗ ಇಡೂದಾದ್ರ ಸಣ್ಣ ಮುಚ್ಚಳದ ಡಬ್ಯಾಗ ಇಡ್ರಿ.

ಹಂತ 5: ಗಂಟು ಮೊದಲ ಖಾಲಿ ಕಲೀರಿ

ಡಬ್ಬಿ ಇಲ್ಲದ, ನಿಮ್ಮ ತೊಡಿಗೆ ಓಡನಿ ಸುತ್ತಿ ಗಂಟು ಹಾಕಿ ನೋಡ್ರಿ. ಸಾಮಾನ್ಯವಾಗಿ ನಾವು ಎರಡೂ ಸಲ ಒಂದ ಕೈ ಮುಂದ ಮಾಡಿ ಗಂಟು ಹಾಕತೀವಿ, ಬಲ ಎಡದ ಮ್ಯಾಲ, ಮತ್ತ ಬಲ ಎಡದ ಮ್ಯಾಲ. ಇದಕ್ಕ ಗ್ರಾನಿ ನಾಟ್ ಅಂತಾರ, ತಾನ ಸರದು ಬಿಚ್ಚೂದು ಇದ. ಬೇಕಾದ್ದು ಸ್ಕ್ವೇರ್ ನಾಟ್. ಜಪಾನಿನ ಫುರೋಶಿಕಿ (ಅರಿವಿಯೊಳಗ ಸಾಮಾನು ಕಟ್ಟೂ ಪದ್ಧತಿ) ಕಟ್ಟೂವರದೂ ಮೂಲ ಗಂಟು ಇದ.

ಬಲ ತುದಿ ಎಡ ತುದಿ ಮ್ಯಾಲ ತಗೊಂಡು ಕೆಳಗಿಂದ ತೂರಿಸಿ ಬಿಗೀರಿ. ಈಗ ಆ ತುದಿ ಎಡಕ್ಕ ಬಂದಿರತೈತಿ. ಎರಡನೇ ಸಲ ಎಡ ತುದಿ ಬಲದ ಮ್ಯಾಲ. ಎಡ ಬಲ ಗೊಂದಲ ಆದ್ರ ಒಂದ ನೆನಪಿಟ್ಕೋರಿ, ಮೊದಲ ಸಲ ಯಾವ ತುದಿ ಮ್ಯಾಲ ಇತ್ತೋ ಎರಡನೇ ಸಲಾನೂ ಅದ ತುದಿ ಮ್ಯಾಲ ಇರಬೇಕು. ಒಂದು ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡ್ಕೊಂಡು ಕಲಿತ್ರ ಲಗೂನ ಬರತೈತಿ.

ಪರೀಕ್ಷೆ ಭಾಳ ಸರಳ. ಗಂಟಿನ ಎರಡು ಕಿವಿ ಎಡಕ್ಕ ಬಲಕ್ಕ, ಅರಿವಿ ಬಂದ ದಿಕ್ಕಿಗೇ ಮಲಗಿದ್ರ ಗಂಟು ಬರೋಬ್ಬರಿ. ಒಂದು ಕಿವಿ ನಿಮ್ಮ ಕಡೆ, ಇನ್ನೊಂದು ಆಚೆ ಕಡೆ ಅಡ್ಡ ನಿಗರಿದ್ರ ಗ್ರಾನಿ ಆಗೈತಿ. ಪೂರ್ತಿ ಬಿಚ್ಚಬ್ಯಾಡ್ರಿ, ಎರಡನೇ ಅರ್ಧ ಅಷ್ಟ ಬಿಚ್ಚಿ ಉಲ್ಟಾ ಹಾಕ್ರಿ. ಇದು ಕಣ್ಣಿಗೆ ಕುಂದ್ರೂತನಕ ಮುಂದಿನ ಹಂತಕ್ಕ ಹೋಗಬ್ಯಾಡ್ರಿ.

ಹಂತ 6: ಚೌಕ ಡಬ್ಬಿ, ಪುಸ್ತಕ

ಅರಿವಿಯ ಚಂದನ ಮಗ್ಗಲ ಕೆಳಗ, ಒಂದು ಮೂಲಿ ನಿಮ್ಮ ಹೊಟ್ಟಿ ಕಡೆ ಬರೂ ಹಂಗ ಹಾಸ್ರಿ. ಡಬ್ಬಿ ನಟ್ಟನಡಕ ನೆಟ್ಟಗ ಇಡ್ರಿ, ಉದ್ದನ ಬದಿ ನಿಮ್ಮ ಕಡೆ. ಅರಿವಿಯ ಅಂಚಿಗೆ ಸಮ ಇಡತಾರ ಮಂದಿ, ಅದು ತಪ್ಪು, ಅರಿವಿಯ ಮೂಲಿ ನಾಕೂ ಡಬ್ಬಿಯ ನಾಕು ಗೋಡಿಗೆ ಎದುರು ಇರಬೇಕು.

ನಿಮ್ಮ ಕಡೆ ಮೂಲಿ ಎತ್ತಿ ಡಬ್ಬಿ ಮ್ಯಾಲ ಹಾಕಿ, ಉಳದ ತುದಿ ಡಬ್ಬಿ ಕೆಳಗ ಸಿಗಸ್ರಿ. ಆಚೆ ಮೂಲಿ ಎಳದು ಅದರ ಮ್ಯಾಲ ತರ್ರಿ, ತುದಿ ಜೋತಾಡಿದ್ರ ಒಳಗ ಮಡಚ್ರಿ.

ಈಗ ಎಲ್ಲಾರೂ ಅವಸರ ಮಾಡೂ ಜಾಗಾ. ಎಡ ಬಲದ ರೆಕ್ಕಿ ಹಂಗ ಎತ್ತಿ ಗಂಟು ಹಾಕಿದ್ರ ಬದಿಯೊಳಗ ಅರಿವಿ ಉಬ್ಬತೈತಿ, ಡಬ್ಬಿ ಮೂಲಿ ಇಣುಕತೈತಿ. ಎತ್ತೂ ಮೊದಲ ಡಬ್ಬಿಯ ಸಣ್ಣ ಗೋಡಿಗೆ ಅರಿವಿ ಒತ್ತಿ, ಎರಡೂ ಬಾಜೂದ ಸಡ್ಲ ಅರಿವಿ ಸೀರಿ ನಿರಿಗಿ ಹಿಡದಂಗ ಬೆರಳಿಂದ ಒಳಗ ಸೇರಿಸಿ, ಆ ನಿರಿಗಿ ಹಿಡಕೊಂಡ ಮ್ಯಾಲ ಎತ್ರಿ. ಎರಡೂ ಕಡೆ ಹಂಗ ಮಾಡಿ ನಡಕ ತಂದು ಸ್ಕ್ವೇರ್ ನಾಟ್ ಹಾಕ್ರಿ, ಕಿವಿ ಬಿಡಿಸಿ ಹರವ್ರಿ. ಒಂದು ಕಿವಿ ಉದ್ದ ಒಂದು ಗಿಡ್ಡ ಬಂತಂದ್ರ ಡಬ್ಬಿ ನಡಕ ಇರಲಿಲ್ಲ, ಎಳದು ಸರಿ ಮಾಡಾಕ ಹೋಗಬ್ಯಾಡ್ರಿ, ಬಿಚ್ಚಿ ಡಬ್ಬಿ ಸರಸ್ರಿ.

ಗಾಜಿನ ಫೋಟೋ ಫ್ರೇಮ್ ಆದ್ರ ಗಾಜಿನ ಮ್ಯಾಲ ರಟ್ಟು ಇಟ್ಟು ಕಟ್ರಿ, ಗಂಟು ಬಿಗಿಯೂವಾಗ ನಡಕ ಒತ್ತಡ ಬೀಳತೈತಿ.

ಹಂತ 7: ಬಾಟ್ಲಿ

ಜೇನುತುಪ್ಪ, ಶರಬತ್ತು, ಎಣ್ಣಿ, 30 ಸೆಂ.ಮೀ. ಎತ್ತರದ ಬಾಟ್ಲಿ ಏನ ಇದ್ರೂ 70ರ ಅರಿವಿ ಸಾಕು. ನಡಕ ನಿಲ್ಲಿಸಿ, ನಿಮ್ಮ ಕಡೆ ಮೂಲಿ, ಆಚೆ ಮೂಲಿ ಎರಡೂ ಎತ್ತಿ ಮುಚ್ಚಳದ ಮ್ಯಾಲ ಗಂಟು ಹಾಕ್ರಿ. ಉಳದ ಎರಡು ಮೂಲಿ ಬಾಟ್ಲಿ ಹಿಂದ ಒಂದರ ಮ್ಯಾಲ ಒಂದು ದಾಟಿಸಿ, ಮುಂದಕ್ಕ ತಂದು ಹೊಟ್ಟಿ ಮ್ಯಾಲ ಗಂಟು ಹಾಕ್ರಿ. ಹಿಂದ ದಾಟಿಸೂವಾಗ ಜಗ್ಗಿ ಹಿಡೀಬೇಕು, ಸಡ್ಲ ಬಿಟ್ರ ಬಾಟ್ಲಿ ಕೆಳಗ ಜಾರತೈತಿ. ಮುಚ್ಚಳ ಗಟ್ಟಿ ಐತೇನು ಅಂತ ಕಟ್ಟೂ ಮೊದಲ ಬಾಟ್ಲಿ ಮಲಗಿಸಿ ನೋಡ್ರಿ.

ಹಂತ 8: ದುಂಡನ ಮತ್ತ ವಜ್ಜಿ ಸಾಮಾನು

ಸ್ಟೀಲ್ ಡಬ್ಬಿ, ತಾಮ್ರದ ತಂಬಗಿ, ಕುಂಡದ ಸಮೇತ ಗಿಡ ಇಂಥಾವಕ್ಕ ಹಂತ 6 ನಡಿಯೂದಿಲ್ಲ, ನಾಕು ಮೂಲಿ ಗಂಟು ಬೇಕು. ಎದುರು ಬದರು ಎರಡು ಮೂಲಿ ಮೊದಲ ಕಟ್ರಿ, ಆಮ್ಯಾಲ ಉಳದ ಎರಡು ಮೂಲಿ ಅದರ ಮ್ಯಾಲ. ಹೊಲಕ್ಕ ರೊಟ್ಟಿ ಬುತ್ತಿ ಕಟ್ಟಿದ ಕೈಗೆ ಇದು ಹೇಳಿಕೊಡೂದು ಬ್ಯಾಡ.

ಹಿಡಿಕಿ ಬೇಕಂದ್ರ ಮ್ಯಾಲಿನ ಎರಡು ಕಿವಿ ತುದಿಯೊಳಗ ಇನ್ನೊಂದ ಸಲ ಸ್ಕ್ವೇರ್ ನಾಟ್ ಹಾಕ್ರಿ, ಕಮಾನಿನಂಥಾ ಹಿಡಿ ಆಗತೈತಿ. ಒಂದ ಕಿವಿ ಹಿಡದು ಮಾತ್ರ ಎತ್ತಬ್ಯಾಡ್ರಿ, ಸ್ಕ್ವೇರ್ ನಾಟ್ ಒಂದ ತುದಿ ಎಳದ್ರ ಬಿಚ್ಚೂ ಜಾತಿದು. ಎರಡು ಕೆಜಿ ಮ್ಯಾಲಿನ ಸಾಮಾನು ಆದ್ರ ತಳಕ್ಕ ಕೈ ಕೊಟ್ಟ ಹಿಡೀರಿ. ತೆಳ್ಳನ ಹಳೇ ಅರಿವಿ ಆದ್ರ ಮೊದಲ ಬೆಳಕಿಗೆ ಹಿಡದು ನೋಡ್ರಿ, ಜಾಳ ಜಾಳ ಕಂಡ್ರ ಅದು ಸಾಬೂನು, ಕರ್ಚೀಫಿನಂಥಾ ಹಗರ ಸಾಮಾನಿಗೆ ಅಷ್ಟ.

ಹಂತ 9: ಅರಿವಿ ಸಾಲದಿದ್ರ

ಹೋಗೂ ಹೊತ್ತಾಗೈತಿ, ಬ್ಯಾರೆ ಅರಿವಿ ಇಲ್ಲ. ಎಡ ಬಲದ ರೆಕ್ಕಿ ನಡಕ ಮುಟ್ಟತಾವು, ಗಂಟಿಗೆ ಸಾಲವಲ್ವು, ಹಂಗಿದ್ರ ಎರಡೂ ತುದಿ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕ್ರಿ, ಅದರ ಮ್ಯಾಲ ಹಂತ 3ರಾಗ ಉಳದ ಪಟ್ಟಿ ಸುತ್ತಿ ಬೋ ಕಟ್ರಿ. ರಬ್ಬರ್ ಕಾಣೂದಿಲ್ಲ, ಬೇಕಂತ ಮಾಡಿದಂಗ ಕಾಣತೈತಿ. ಇನ್ನೊಂದು, ಎರಡು ತುದಿ ಒಂದು ಬಳಿಯೊಳಗ ಎದುರು ಬದರು ತೂರಿಸಿ, ಹೊರಗ ಹೊಳ್ಳಿಸಿ ತಮ್ಮ ತಮ್ಮ ಅರಿವಿ ಕೆಳಗ ಸಿಗಸ್ರಿ. ಬಳಿ ಲೋಹದ್ದು ಇಲ್ಲಾ ಪ್ಲಾಸ್ಟಿಕ್‌ದು ಇರಲಿ, ಗಾಜಿನ್ದು ಬಿಗಿಯೂವಾಗ ಒಡೀತೈತಿ. ರೆಕ್ಕಿ ನಡಕ ಮುಟ್ಟಾಕೂ ಸಾಲದಿದ್ರ ಈ ಯಾವ ಉಪಾಯಾನೂ ನಡಿಯೂದಿಲ್ಲ, ಅದನ್ನ ಬಿಟ್ಟು ಓಡನಿ ನಾಕು ಪದರ ಅಲ್ಲ, ಎರಡ ಪದರ ಮಡಚಿ ಚೌಕ ಮಾಡ್ಕೊಂಡು ಕಟ್ರಿ.

ಮನಿ ಬಿಡೂ ಮೊದಲ ನೋಡೂವು

ಗಂಟು ಹಿಡದು ಮೆಲ್ಲಕ ಎತ್ತಿ ಒಂದೆರಡ ಸಲ ಅಲುಗಾಡಸ್ರಿ. ಡಬ್ಬಿ ಒಂದ ಕಡೆ ವಾಲಿದ್ರ ನಡಕ ಇಲ್ಲ. ಒಂದ ಮಗ್ಗಲ ಅರಿವಿ ಮ್ಯಾಲ ಓರೆ ಗೆರಿ ಎದ್ದಿದ್ರ ಆ ಕಡೆ ಹೆಚ್ಚು ಜಗ್ಗೀರಿ, ಹಳೇ ಅರಿವಿ ಅಲ್ಲೇ ಹರೀತೈತಿ. ಕಿವಿ ನಾಕು ಬೆರಳಿಗಿಂತ ಗಿಡ್ಡ ಇದ್ರ ಗಾಡಿ ಮ್ಯಾಲ ಒಯ್ಯಬ್ಯಾಡ್ರಿ, ಇಲ್ಲಾ ಚೀಲದೊಳಗ ಇಟ್ಟು ಒಯ್ರಿ. ಕಿವಿ ಅಡ್ಡ ನಿಗರ್ಯಾವೇನು ಅಂತ ಇನ್ನೊಂದ ಸಲ ನೋಡ್ರಿ. ಹೆಸರಿನ ಚೀಟಿ ಗಂಟಿನ ಸಂದಿಯೊಳಗ ಸಿಗಸ್ರಿ, ಅಂಟು ಹಚ್ಚಬ್ಯಾಡ್ರಿ, ಅರಿವಿ ಮ್ಯಾಲಿನ ಅಂಟು ಹೋಗೂದಿಲ್ಲ.

ಬಿಚ್ಚೂದು ಮತ್ತ ಅರಿವಿ ಎತ್ತಿಡೂದು

ತಗೊಂಡವರಿಗೆ ಬಾಯಿ ಮಾತಿನ್ಯಾಗ ಹೇಳ್ರಿ, "ಅಕ್ಕಾರ, ಕತ್ರಿ ಹಚ್ಚಬ್ಯಾಡ್ರಿ, ಅರಿವಿನೂ ನಿಮಗ" ಅಂತ, ಇಲ್ಲಾ ಅರಿವಿ ವಾಪಸ್ ಬೇಕಿದ್ರ ಅದನ್ನೂ ಆಗಲೇ ಹೇಳಿಬಿಡ್ರಿ, ಆಮ್ಯಾಲ ಕೇಳಾಕ ಸಂಕೋಚ ಆಗತೈತಿ. ಗಂಟು ಉಗರಿಂದ ಕೆದರಬಾರದು. ಒಂದು ಕಿವಿ ಒಂದ ಕೈಯಾಗ, ಅದ ತುದಿ ಗಂಟಿನೊಳಗ ಹೊಗೂ ಕಡೆ ಅರಿವಿ ಇನ್ನೊಂದ ಕೈಯಾಗ ಹಿಡದು ಎರಡೂ ದಿಕ್ಕಿಗೆ ಜಗ್ಗಿದ್ರ ಆ ತುದಿ ನೆಟ್ಟಗಾಗತೈತಿ, ಇನ್ನೊಂದು ಅದರ ಮ್ಯಾಲಿಂದ ಸರದು ಬರತೈತಿ. ಎಷ್ಟ ಬಿಗಿ ಇದ್ರೂ ಬಿಚ್ಚತೈತಿ, ಬಿಚ್ಚಲಿಲ್ಲ ಅಂದ್ರ ಅದು ಗ್ರಾನಿ ನಾಟ್, ಒಮ್ಮೊಮ್ಮೆ ತಾನ ಸರದು ಬಿಚ್ಚತೈತಿ, ಒಮ್ಮೊಮ್ಮೆ ಹಿಂಗ ಸಿಕ್ಕೊಂಡು ಬಿಡತೈತಿ.

ಖೋವಾ, ತುಪ್ಪದ ಕಲಿ ಬಿದ್ದಿದ್ರ ನೀರು ಹಾಕೂ ಮೊದಲ ಪಾತ್ರೆ ತಿಕ್ಕೂ ಲಿಕ್ವಿಡ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒಗೀರಿ. ಕಲಿ ಪೂರ್ತಿ ಹೋಗೂತನಕ ಇಸ್ತ್ರಿ ಮುಟ್ಟಸಬ್ಯಾಡ್ರಿ, ಬಿಸಿಗೆ ಅದು ಕಾಯಂ ಕುಂತುಬಿಡತೈತಿ. ಒಣಗಿದಮ್ಯಾಲ ಚೌಕದ ಒಂದು ಮೂಲಿಗೆ 70, 80, 100 ಅಂತ ಅಳತಿ ಬರದ ಸಣ್ಣ ಚೀಟಿ ಮಡಿಕಿಯೊಳಗ ಇಟ್ಟು ಎತ್ತಿಡ್ರಿ, ಮುಂದಿನ ಸಲ ಅಟ್ಟಿ ಪೂರ್ತಿ ಕೆದರೂದು ಬ್ಯಾಡ.